ಲಾರಿಯ ಕನ್ನಡಿಗೆ ಕಾಣದ ಜಾಗ

ಕನ್ನಡಿ ಅಂಗಡಿಯವನು ವ್ಯಾನು ನಿಲ್ಲಿಸಿ ಕೆಳಗಿಳಿದ. ಅವನ ಹೆಂಡತಿ ಇಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಹಿಡಿದುಕೊಂಡು ಇಳಿದಳು, ನೆಟ್ಟಗೆ ಒಳಗೆ ಹೋಗಿ ಗಾಜು ಕತ್ತರಿಸುವ ಮೇಜಿನ ಪಕ್ಕ ಕೂತಳು.

"ಇನ್ನು ನಿಮ್ಮ ಜೊತೆ ಹೆದ್ದಾರಿಗೆ ನಾನು ಬರಲ್ಲ," ಎಂದಳು.

ಅಂಗಡಿ ಅವರಿಬ್ಬರದೇ. ಗಾಜು ಕತ್ತರಿಸುವುದು ಅವನು, ಅಂಚು ಉಜ್ಜಿ ಚೌಕಟ್ಟು ಕೂರಿಸುವುದು ಅವಳು. ಆಳೆತ್ತರದ ಕನ್ನಡಿ ಹತ್ತಿಸಿ ಇಳಿಸಲು ಇಬ್ಬರೂ ಬೇಕು. ಅವಳು ಬರದಿದ್ದರೆ ದೊಡ್ಡ ಕನ್ನಡಿಗಳ ವ್ಯಾಪಾರವೇ ನಿಂತಂತೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಆಗಿದ್ದಿಷ್ಟು. ಹೆದ್ದಾರಿಯಲ್ಲಿ ಅವರ ವ್ಯಾನು ಒಂದು ಲಾರಿಯ ಮಗ್ಗುಲಲ್ಲಿ, ಚಾಲಕ ಕೂರದ ಬದಿಯಲ್ಲಿ, ಬಹಳ ಹೊತ್ತು ಹಾಗೇ ಸಾಗುತ್ತಿತ್ತು. ಲಾರಿ ಇವರ ಕಡೆಗೇ ವಾಲಿಕೊಂಡು ಬಂತು. ಅವನು ಪಕ್ಕದ ಮಣ್ಣಿಗೆ ಗಾಡಿ ಇಳಿಸಿದ್ದರಿಂದ ಜೀವ ಉಳಿಯಿತು. ಹಿಂದೆ ಕಟ್ಟಿದ್ದ ಕನ್ನಡಿ ಪುಡಿಪುಡಿಯಾಯಿತು. ಲಾರಿ ಏನೂ ಆಗದ ಹಾಗೆ ತನ್ನ ಪಾಡಿಗೆ ಹೋಯಿತು.

ಸಂಜೆ ಅವಳ ತಮ್ಮ ಬಂದ. ಅವನದು ಲಾರಿ ಓಡಿಸುವ ಕೆಲಸ. ಬೀದಿಯ ತುದಿಯಲ್ಲಿದ್ದ ಖಾಲಿ ಜಾಗದಲ್ಲಿ ಲಾರಿ ನಿಲ್ಲಿಸಿ ಅಕ್ಕನನ್ನು ನೋಡಲು ಬಂದಿದ್ದ. ಚಹಾದ ಲೋಟ ಕೈಗೆ ಬರುವ ಮೊದಲೇ ಭಾವನ ಬೈಗುಳ ಬಂತು.

"ನಿಮ್ಮ ಲಾರಿಯವರೆಲ್ಲ ಒಂದೇ ಕಣಯ್ಯಾ! ರಸ್ತೆ ಏನು ನಿಮ್ಮ ಮಾವನ ಮನೇದಾ?"

"ನನಗಿನ್ನೂ ಮದುವೇನೇ ಆಗಿಲ್ಲ, ಮಾವನ್ನ ಎಲ್ಲಿಂದ ತರಲಿ?" ಎಂದ ತಮ್ಮ. ನಡೆದದ್ದನ್ನೆಲ್ಲ ಕೇಳಿದ ಮೇಲೆ ಅವನ ನಗು ಹೋಯಿತು. "ಭಾವ, ಅವನಿಗೆ ನಿಮ್ಮ ಗಾಡಿ ಕಂಡೇ ಇರಲ್ಲ."

"ಕನ್ನಡಿ ಮಾರೋನಿಗೇ ಹೇಳ್ತೀಯಾ? ಆ ಕಡೆ ಒಂದು, ಈ ಕಡೆ ಒಂದು ಮೊರದಗಲದ ಕನ್ನಡಿ ತಗುಲಿಸ್ಕೊಂಡಿರ್ತೀರಿ. ಅಷ್ಟು ದೊಡ್ಡ ಕನ್ನಡೀಲಿ ನನ್ನ ಗಾಡಿ ಕಾಣ್ಸಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಭಾವ, ಭಾಮೈದ ಮಾತಿಗಿಳಿದರೆ ಅವಳು ಸಾಮಾನ್ಯವಾಗಿ ನಡುವೆ ಬಾಯಿ ಹಾಕುವವಳಲ್ಲ. ಇವತ್ತು ಹಾಕಿದಳು.

"ರೀ, ಕ್ಷೌರದಂಗಡೀಲಿ ಕನ್ನಡಿ ಕೂರಿಸೋವಾಗ ನೀವೇನ್ ಮಾಡ್ತೀರಿ?"

"ಏನ್ ಮಾಡ್ತೀನಿ? ಗಿರಾಕಿ ಕೂರೋ ಕುರ್ಚೀಲಿ ಕೂತು ನೋಡ್ತೀನಿ. ಅಲ್ಲಿಂದ ಮುಖ ಸರಿಯಾಗಿ ಕಂಡ್ರೆ ಮೊಳೆ ಹೊಡೀತೀನಿ."

"ಬಾಗಿಲಲ್ಲೇ ನಿಂತು ನೋಡಿದ್ರೆ ಆಗಲ್ವಾ? ಕನ್ನಡಿ ಹೇಗೂ ದೊಡ್ಡದು."

"ಎಂಥಾ ಮಾತು! ದೊಡ್ಡದಾದ್ರೆ ಏನು ಬಂತು? ಕೂತೋನ ಕಣ್ಣಿಗೆ ಏನು ಬೀಳುತ್ತೆ ಅನ್ನೋದು..." ಮಾತು ಅರ್ಧಕ್ಕೇ ನಿಂತಿತು.

"ಲಾರಿ ಚಾಲಕನ ಸೀಟಲ್ಲಿ ಯಾವತ್ತಾದ್ರೂ ಕೂತು ನೋಡಿದ್ದೀರಾ?"

ಅವನ ಮುಖ ಗಂಟಾಯಿತು. ಆದರೂ ಭಾಮೈದನ ಹಿಂದೆ ಹೊರಟ. ನಿಂತ ಲಾರಿಯ ಸೀಟಿಗೆ ಹತ್ತಿ ಕೂತ. ತಮ್ಮ ಅಕ್ಕನನ್ನು ಆಚೆ ಬದಿಗೆ ಕರೆದೊಯ್ದು, ಬಾಗಿಲಿನ ಬುಡದಲ್ಲಿ ಸ್ವಲ್ಪ ಹಿಂದಕ್ಕೆ ನಿಲ್ಲಿಸಿ, ಮಾತಾಡಬೇಡ ಎಂದು ಸನ್ನೆ ಮಾಡಿದ.

"ಭಾವ, ಅಕ್ಕ ಎಲ್ಲಿದ್ದಾಳೆ ಹೇಳಿ ನೋಡೋಣ!"

ಅವಳು ತಲೆಯೆತ್ತಿದಳು. ಲಾರಿಯ ಕನ್ನಡಿಯಲ್ಲಿ ಗಂಡನ ಮುಖವಿರಲಿಲ್ಲ. ಒಂದು ಗೋಡೆಯ ತುಂಡು, ಅದರ ಮೇಲೆ ಚೂರು ಆಕಾಶ, ಅಷ್ಟೇ. ಮೇಲೆ ಸೀಟು ಕಿರುಗುಟ್ಟಿತು. ಅವನು ಆ ಕಡೆ, ಈ ಕಡೆ ಬಗ್ಗಿ ನೋಡುತ್ತಿದ್ದ.

"ಹಿಂದಕ್ಕೆ ಹೋದ್ಲಾ? ಲೇ, ಎಲ್ಲಿದ್ದೀಯಾ?"

ಅವಳು ನಿಂತಲ್ಲೇ ನಿಂತಳು.

"ಲೇ!" ಎರಡನೇ ಕೂಗಿನಲ್ಲಿ ಜಂಬ ಇರಲಿಲ್ಲ.

ಅವಳು ಬಾಗಿಲಿನ ತಗಡನ್ನು ತಟ್ಟಿದಳು. ಅವನು ಸೀಟಿನಿಂದ ಸರಿದು ಬಂದು ಆ ಬದಿಯ ಕಿಟಕಿಯಿಂದ ತಲೆ ಹೊರಹಾಕಿದ. ಹೆಂಡತಿ ಕೆಳಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಳು. ಅವನು ಕೆಳಗಿಳಿಯಲು ತುಸು ಹೊತ್ತು ಹಿಡಿಯಿತು.

"ಮುಂದುಗಡೇನೂ ಅಷ್ಟೇ," ಎಂದ ತಮ್ಮ. "ಮೂತಿಗೆ ಅಂಟ್ಕೊಂಡಂಗೆ ನುಗ್ಗಿದ್ರೆ ಕಾಣಲ್ಲ. ಬಾಲಕ್ಕೆ ಅಂಟ್ಕೊಂಡು ಬಂದ್ರಂತೂ ಹಿಂದೆ ಒಂದು ಗಾಡಿ ಇದೆ ಅಂತಾನೇ ಗೊತ್ತಾಗಲ್ಲ. ಲಾರಿ ಕನ್ನಡೀಲಿ ನಿಮಗೆ ಚಾಲಕನ ಮುಖ ಕಾಣ್ಬೇಕು ಭಾವ. ಕಾಣ್ಲಿಲ್ವಾ, ನೀವೂ ಅವನಿಗೆ ಕಾಣ್ತಿಲ್ಲ ಅಂತ ತಿಳ್ಕೊಳಿ."

"ಕಂಡ್ರೆ?"

"ಚಾಲಕ ಕೂರೋ ಬದಿಯಿಂದ ದಾಟಿ, ಪಕ್ಕದಲ್ಲೇ ಉಳೀಬೇಡಿ. ದಾಟಿದ ತಕ್ಷಣ ಲಾರಿ ಮುಂದೆ ತೂರಬೇಡಿ. ಸರಕು ತುಂಬಿದ ಲಾರಿ ಬ್ರೇಕ್ ತುಳಿದ ಕೂಡ್ಲೇ ನಿಲ್ಲಲ್ಲ. ನಿಮ್ಮ ಗಾಡಿ ಒಳಗಿನ ಕನ್ನಡೀಲಿ ಅದರ ಎರಡೂ ದೀಪ ಕಾಣ್ಲಿ, ಆಮೇಲೆ ಸಾಲಿಗೆ ಬನ್ನಿ."

"ಹಾಗಾದ್ರೆ ನಿಮ್ಮದೇನೂ ತಪ್ಪೇ ಇಲ್ಲ ಅನ್ನು!"

"ಇದೆ. ಇಂಡಿಕೇಟರ್ ಹಾಕದೆ ವಾಲಿದ್ರೆ ನಮ್ಮದೇ ತಪ್ಪು. ಅವನು ಹಾಕಿದ್ನಾ?"

ಅಂಗಡಿಯವನು ಹೆಂಡತಿಯ ಮುಖ ನೋಡಿದ.

"ಹಾಕಿದ್ದ," ಎಂದಳು ಅವಳು. "ನಾನು ಹೇಳ್ದೆ ಕೂಡ. ನೀವು, 'ಅವನು ನೋಡ್ಕೋತಾನೆ ಬಿಡು' ಅಂದ್ರಿ."

ಅವನು ತಲೆಯೆತ್ತಿ ಲಾರಿಯ ಕನ್ನಡಿಯನ್ನು ಇನ್ನೊಮ್ಮೆ ನೋಡಿದ.

ಒಡೆದದ್ದರ ಬದಲು ಹೊಸ ಕನ್ನಡಿ ಸಿದ್ಧವಾದ ದಿನ ಅವಳು ತಾನಾಗಿಯೇ ಒಂದು ತುದಿ ಹಿಡಿದಳು. "ಬರ್ತೀನಿ. ಆದ್ರೆ ನಾನು ಬೇಡ ಅಂದ್ರೆ ಬೇಡ," ಎಂದಳು. ಅವನು ತಲೆಯಾಡಿಸಿದ.

ಹೆದ್ದಾರಿಯಲ್ಲಿ ಮುಂದೆ ಒಂದು ಲಾರಿ ಸಿಕ್ಕಿತು. ಅವನು ಅಂತರ ಬಿಟ್ಟು ಹಿಂದೆ ಉಳಿದ. ಹಿಂದಿದ್ದ ಕಾರಿನವನು ಹಾರ್ನ್ ಬಡಿದು ಬಡಿದು ಸುಸ್ತಾಗಿ ಹಿಂದೆ ಸರಿದ. ಲಾರಿಯ ಕನ್ನಡಿಯಲ್ಲಿ ಮೊದಲು ಬರೀ ಹೊಳಪಿತ್ತು. ಆಮೇಲೆ ಒಂದು ಮುಖ ಕಾಣಿಸಿತು. ಏನನ್ನೋ ಅಗಿಯುತ್ತಿತ್ತು.

"ಕಂಡ," ಎಂದಳು.

"ದಾಟಲಾ?" ಎಂದು ಅವನು ಕೇಳಿದ. ಮದುವೆಯಾದಾಗಿನಿಂದ ರಸ್ತೆಯ ವಿಷಯದಲ್ಲಿ ಅವನು ಅವಳನ್ನು ಏನನ್ನೂ ಕೇಳಿದ್ದಿಲ್ಲ.

ಅವಳು ತಿರುಗಿ ಹಿಂದೆ ನೋಡಿದಳು. ಕಾರು ದೂರವಿತ್ತು. "ಹೂಂ, ಈಗ."

ನೀವೂ ಹೆದ್ದಾರಿಗೆ ಇಳಿಯುವವರೇ. ಲಾರಿ ದೊಡ್ಡದು, ಅದರ ಕನ್ನಡಿಯೂ ದೊಡ್ಡದು. ಆದರೆ ಅದರ ಮಗ್ಗುಲು, ಮೂತಿ, ಬಾಲದ ಹತ್ತಿರ ನೀವು ಇದ್ದೂ ಇಲ್ಲದಂತೆ. ಚಾಲಕನ ಮುಖ ಕಾಣುವ ತನಕ ಹಿಂದೆಯೇ ಉಳಿಯಿರಿ, ಕಂಡ ಮೇಲೆ ತಡಮಾಡದೆ ದಾಟಿ, ಸಾಕಷ್ಟು ಮುಂದೆ ಹೋಗಿ ಸಾಲಿಗೆ ಸೇರಿ. ಅವನು ಇಂಡಿಕೇಟರ್ ಹಾಕಿದರೆ ದಾರಿ ಬಿಡಿ. ಪಕ್ಕದ ಸೀಟಿನಲ್ಲಿ ಕೂತವರು ಕಂಡದ್ದನ್ನು ಹೇಳಿ. ಗಾಡಿ ಓಡಿಸುವವರು ಆ ಮಾತನ್ನು ಕೇಳಿ.