ಮರಳಿನಲ್ಲಿ ನಿಂತ ಗೆಜ್ಜೆ

ನಮ್ಮ ಬೀದಿಯಲ್ಲಿ ನಮ್ಮದು 'ತಿರುಗಿ ನೋಡಿದವರ ಮನೆ' ಆಗಿತ್ತು. ಸಿಂಗಾನಲ್ಲೂರಿನ ಈ ನೇಕಾರರ ಬೀದಿಗೆ ಹೊಸಬರು ಬಂದು ವೆಂಕಟಾಚಲಂ ಮನೆ ಎಲ್ಲಿ ಎಂದು ಕೇಳಿದರೆ, ಬೀದಿಯುದ್ದ ನೂಲು ಹಾಸಿ ಗಂಜಿ ಹಚ್ಚುತ್ತಿದ್ದವರು ನಗುತ್ತಿದ್ದರು. "ತಿರುಗಿ ನೋಡ್ದವರ ಮನೆಯಾ? ಅಗೋ, ಬೇವಿನ ಮರದ ಪಕ್ಕ." ಅಪ್ಪ ಅದನ್ನು ಕೇಳಿಯೂ ಕೇಳದವರಂತೆ ಮಗ್ಗದ ಗುಂಡಿಗೆ ಇಳಿಯುತ್ತಿದ್ದರು.

ಈ ಹೆಸರಿಗೆ ಕಾರಣ ಒಂದು ಹಳೆಯ ಕತೆ. ಅದನ್ನು ಹೇಳುತ್ತಿದ್ದವಳು ಅಪ್ಪನ ತಾಯಿ, ನಾಚಿಯಮ್ಮವ್ವ. ಅಮ್ಮ ತೀರಿಕೊಂಡ ಮೇಲೆ ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟು ಅವ್ವನ ರಾಟೆಯ ಪಕ್ಕ ಕುಳಿತವಳು. ನೂಲು ಸುತ್ತುತ್ತ ಅವಳು ಹೇಳುವಳು. ನಮ್ಮ ಹಿರಿಯರು ತುಂಗೆಯ ದಡದವರು. ಅರಸರು ಅಳಿದು ಊರು ಉರಿದಾಗ ಮಗ್ಗ ಬಿಚ್ಚಿ ಹೆಗಲಿಗೇರಿಸಿ ತೆಂಕಣಕ್ಕೆ ಹೊರಟರು. ನಾನೂ ಬರುತ್ತೇನೆ, ನೀವು ಮುಂದೆ ನಡೆಯಿರಿ, ತಿರುಗಿ ಮಾತ್ರ ನೋಡಬೇಡಿ ಎಂದಳು ನಮ್ಮ ಕುಲದೇವತೆ ಚೌಡಮ್ಮ. ಕಾಡು, ಕಣಿವೆ, ಪಾಳುಬಿದ್ದ ಕೋಟೆಗಳನ್ನು ದಾಟುವಾಗಲೆಲ್ಲ ಬೆನ್ನ ಹಿಂದೆ ಅವಳ ಗೆಜ್ಜೆಯ ಸದ್ದು. ಹುಲಿ ಹತ್ತಿರ ಬಂದರೆ ಗೆಜ್ಜೆ ಜೋರಾಗುವುದು, ಮಕ್ಕಳು ಮಲಗಿದರೆ ಮೆಲ್ಲಗಾಗುವುದು. ಒಂದು ಹೊಳೆಯ ಮರಳಿಗಿಳಿದಾಗ ಸದ್ದು ನಿಂತಿತು. ನಮ್ಮ ವಂಶದ ಹಿರಿಯ ಹೆದರಿ ತಿರುಗಿ ನೋಡಿದ. ತಾಯಿ ಅಲ್ಲೇ ಕಲ್ಲಾದಳು.

"ಮರಳಲ್ಲಿ ಗೆಜ್ಜೆ ಸದ್ದು ಬರುತ್ತಾ? ಅಷ್ಟೂ ಬುದ್ಧಿ ಇರ್ಲಿಲ್ಲ ಅವನಿಗೆ!" ಅವ್ವ ನಿನ್ನೆ ನಡೆದದ್ದೆಂಬಂತೆ ಸಿಡುಕುವಳು.

ಆ ತಪ್ಪು ತೀರಿಸಲು ಪ್ರತಿ ಬೇಸಿಗೆಯ ಚಿತ್ರೈ ತಿಂಗಳಲ್ಲಿ ನಮ್ಮ ಮನೆಯ ಗಂಡಸೇ ನೊಯ್ಯಲ್ ಹೊಳೆಯಿಂದ ತಾಯಿಯನ್ನು ಕೊಡದಲ್ಲಿ ಕರೆತರಬೇಕು. ಅವನ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಮನೆಯ ಮದುವೆಯಾಗದ ಹಿರಿಮಗಳು ಗೆಜ್ಜೆ ಕಟ್ಟಿಕೊಂಡು ಒಬ್ಬಳೇ ನಡೆಯಬೇಕು. ಆ ಹೊತ್ತಿಗೆ ಅವಳೇ ತಾಯಿ. ಕೊಡ ಗುಡಿಯಲ್ಲಿ ಇಳಿಯುವ ತನಕ ಯಾರೂ ತಿರುಗುವಂತಿಲ್ಲ. ತಾಯಿ ಪರೀಕ್ಷೆ ಮಾಡುತ್ತಾಳೆ, ಮನೆಯವರ ಗಂಟಲಲ್ಲೇ ಕರೆಯುತ್ತಾಳೆ ಎಂದು ಅವ್ವ ಎಚ್ಚರಿಸಿಯೇ ಕಳಿಸುತ್ತಿದ್ದಳು.

ಊರಿನ ನೂಲಿನ ಮಿಲ್ಲುಗಳಿಗೆ ಪೈಕಾರಾ ಜಲಪಾತದ ಕರೆಂಟು ಬಂದ ಮರುವರುಷ ಅದು. ಅಕ್ಕ ಪೆರಿಯನಾಯಕಿಗೆ ಗಂಡು ಗೊತ್ತಾಗಿತ್ತು. ಅವಳು ಗೆಜ್ಜೆ ಕಟ್ಟುವುದು ಅದೇ ಕೊನೆ. ಬೆಳಿಗ್ಗೆ ಅವಳ ಕಾಲಿಗೆ ಅರಿಸಿನ ಹಚ್ಚುವಾಗ ನನ್ನ ಬೆರಳು ಸುಟ್ಟಂತಾಯಿತು.

"ಅವ್ವಾ, ಅಕ್ಕನಿಗೆ ಜ್ವರ."

ಅವ್ವ ಬಂದು ಹಣೆ ಮುಟ್ಟಿದಳು. ಅವಳ ಮುಖ ಅರಳಿತು. "ಜ್ವರ ಅಲ್ಲ ಅಮ್ಮಿಣಿ, ತಾಯಿ! ಈ ಸಲ ಹೊಳೆಗೆ ಹೋಗೋಕ್ಕೆ ಮುಂಚೇನೇ ಬಂದ್ಬುಟ್ಟಿದ್ದಾಳೆ."

"ತಲೆ ಸುತ್ತುತ್ತವ್ವಾ," ಎಂದಳು ಅಕ್ಕ.

"ಸುತ್ತದೆ ಇರುತ್ತಾ? ಲೋಕ ಆಳೋವಳು ಮೈಮೇಲಿದ್ದಾಳೆ."

"ನಾನು ಹೋಗ್ತೀನಿ," ಎಂದೆ.

"ನೀನಾ?" ಅವ್ವ ನಕ್ಕಳು. "ಬೆಕ್ಕಿನ ಹಾಗೆ ನಡೀತೀಯ. ಗೆಜ್ಜೆ ಕಟ್ಟಿದ್ರೂ ತಾಯಿ ಬಂದದ್ದು ಯಾರಿಗೂ ತಿಳೀದು."

ಅಕ್ಕನೂ ನಕ್ಕಳು. ನನ್ನ ಕೆನ್ನೆ ಹಿಂಡಿ, "ಬಂದ ಮೇಲೆ ಮಜ್ಜಿಗೆ ಕೊಡೇ, ಉಪ್ಪು ಜಾಸ್ತಿ ಹಾಕಿ," ಎಂದಳು. ಅಪ್ಪ ಅಂಗಳದಲ್ಲಿ ಹುಣಸೆಹಣ್ಣು ಹಚ್ಚಿ ಕೊಡ ಬೆಳಗುತ್ತಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿರಲಿಲ್ಲ.

ತಾಯಿಯ ಕತ್ತಿ ಹಿಡಿದು ಮುಂದೆ ನಡೆಯಲು ಅಮ್ಮನ ತಮ್ಮ ಶಿವಲಿಂಗಂ ಮಾಮ, ಕೊಡದೊಂದಿಗೆ ಅಪ್ಪ, ಹಿಂದೆ ಅಕ್ಕ, ಮೂವರೇ ಹೋದರು. ನಾವು ಹೆಂಗಸರು ಆರತಿ ಹಿಡಿದು ಗುಡಿಯ ಮುಂದೆ ಕಾದೆವು. ಬಿಸಿಲೇರಿ ನೆಲಕ್ಕೆ ಕಾಲಿಡಲಾಗದಂತಾಯಿತು. ಮಧ್ಯಾಹ್ನದ ಪಾಳಿಗೆ ಮಿಲ್ಲಿನ ಸಂಗು ಊದಿ ನಿಂತ ಮೇಲೆ ಬೀದಿಯ ತಿರುವಿನಲ್ಲಿ ಮಾಮನ ಕತ್ತಿ ಹೊಳೆಯಿತು. ಅವನ ಹಿಂದೆ ತಲೆಯ ಮೇಲೆ ಕೊಡ ಹೊತ್ತ ಅಪ್ಪ. ಅವರ ಕುತ್ತಿಗೆ ನೆಟ್ಟಗಿತ್ತು. ಅಷ್ಟು ನೆಟ್ಟಗೆ ಅವರು ಆ ಬೀದಿಯಲ್ಲಿ ನಡೆದದ್ದನ್ನು ನಾನು ಕಂಡಿರಲಿಲ್ಲ.

ಅವರ ಹಿಂದೆ ಬರೀ ದೂಳು.

ನಾನು ಕಿವಿಗೊಟ್ಟೆ. ಗೆಜ್ಜೆಯ ಸದ್ದಿಲ್ಲ. "ಅವ್ವಾ, ಅಕ್ಕ ಎಲ್ಲಿ?"

"ಹಿಂದೆ ಬರ್ತಾ ಇರ್ತಾಳೆ. ಬಾಯಿ ಮುಚ್ಚು," ಎಂದಳು ಅವ್ವ.

ನಾನು ಓಡಿದೆ. ಅಪ್ಪನನ್ನು ದಾಟುವಾಗ ಅವರು ನನ್ನ ಮುಖ ನೋಡಿದರು. ನಾಲ್ಕು ಹೆಜ್ಜೆ ಹೋಗಿದ್ದೆನೋ ಏನೋ, ಬೆನ್ನ ಹಿಂದೆ ಕೊಡ ನೆಲಕ್ಕೆ ಬಿದ್ದ ಸದ್ದು ಕೇಳಿತು. ಮರುಕ್ಷಣ ಅಪ್ಪ ನನ್ನನ್ನು ಹಿಂದೆ ಹಾಕಿ ಓಡುತ್ತಿದ್ದರು.

ಅಕ್ಕ ಬತ್ತಿದ ಹೊಳೆಯ ನಡುವೆ, ನೀರಿಗಾಗಿ ಅವರು ತೋಡಿದ್ದ ಗುಂಡಿಗೂ ದಡಕ್ಕೂ ಮಧ್ಯೆ ಬಿದ್ದಿದ್ದಳು. ಒಂದು ಕೈ ದಡದ ಕಡೆ ಚಾಚಿತ್ತು. ಅಪ್ಪ ಅವಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡರು. ಮೈ ಇನ್ನೂ ಸುಡುತ್ತಿತ್ತು, ಜ್ವರದ್ದೋ ಬಿಸಿಲಿನದೋ. ಉಸಿರಿರಲಿಲ್ಲ. ಗೆಜ್ಜೆಯ ಒಂದೊಂದು ಗುಂಡಿನೊಳಗೂ ಮರಳು ಹೊಕ್ಕಿತ್ತು.

"ಕರೆದ್ಳು," ಎಂದರು ಅಪ್ಪ. "ಅಪ್ಪಾ ಅಂತ ಕರೆದ್ಳು. ಮತ್ತೊಂದ್ಸಲ ಕರೆದ್ಳು. ತಾಯಿ ಪರೀಕ್ಷೆ ಮಾಡ್ತಿದ್ದಾಳೆ ಅಂದ್ಕೊಂಡು ಬೇಗ ಬೇಗ ನಡೆದೆ."

ಹಿಂದಿನಿಂದ ಬಂದ ಶಿವಲಿಂಗಂ ಮಾಮ ಕತ್ತಿಯನ್ನು ಮರಳಿಗೆ ಹಾಕಿ ಕುಕ್ಕರಿಸಿದ. "ನನಗೂ ಕೇಳಿಸ್ತು ಭಾವಾ."

ಅಂದಿನಿಂದ ಬೀದಿಯಲ್ಲಿ ಯಾರೂ ನಮ್ಮ ಮನೆಯನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಅವ್ವ ಬಹಳ ಕಾಲ ಕತೆ ಹೇಳಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯ ಪುಟ್ಟಿ ಬಿಡದೆ ಪೀಡಿಸಿದ್ದಕ್ಕೆ ಶುರು ಮಾಡಿದಳು. ಊರು ಉರಿಯಿತು, ಕಾಡು ದಾಟಿದರು, ಹುಲಿ ಬಂತು, ಹೊಳೆ ಬಂತು.

"ಆಗ ಆ ಹಿರಿಯ ತಿರುಗಿ ನೋಡ್ದ."

"ಯಾಕವ್ವಾ? ನೋಡ್ಬೇಡ ಅಂದಿದ್ಳಲ್ಲಾ ತಾಯಿ?"

ರಾಟೆ ನಿಂತಿತು. ಈಗ ಸಿಡುಕುತ್ತಾಳೆ ಎಂದುಕೊಂಡೆ.

"ಹಿಂದೆ ಬರ್ತಿದ್ದವಳು ಇದ್ದಾಳಾ, ಬಿದ್ದಾಳಾ ಅಂತ ನೋಡ್ದ, ಕಂದಾ," ಎಂದಳು ಅವ್ವ. "ನೋಡ್ಬೇಕಲ್ಲಾ." ಮತ್ತೆ ಅವಳು ನೂಲು ಎಳೆಯಲಿಲ್ಲ.

ಈಗ ಸೀರೆಗಳ ಗಂಟು ಹೊತ್ತು ಅಪ್ಪ ಪೇಟೆಗೆ ಹೊರಟಾಗ ಅವರ ಹಿಂದೆ ನಾನು ಹೋಗುತ್ತೇನೆ. ನನಗೆ ಹೆಜ್ಜೆ ಸದ್ದಿಲ್ಲ. ಅದಕ್ಕೇ ಕೈಬಳೆಗಳನ್ನು ಒಂದಕ್ಕೊಂದು ತಾಗಿಸುತ್ತ ನಡೆಯುತ್ತೇನೆ. ಆದರೂ ಅಪ್ಪ ನಿಲ್ಲುತ್ತಾರೆ, ಗಂಟಿನ ಸಮೇತ ಪೂರ್ತಿ ತಿರುಗುತ್ತಾರೆ, ನನ್ನ ಮುಖ ನೋಡಿ ಮತ್ತೆ ನಡೆಯುತ್ತಾರೆ. ದಾರಿಯಲ್ಲಿ ಮರಳು ಬಂದರೆ ಮಾತ್ರ ಪಕ್ಕಕ್ಕೆ ಸರಿದು ನಿಂತು, ನನ್ನನ್ನು ಮುಂದೆ ಬಿಡುತ್ತಾರೆ.