ಬಣ್ಣ ಹಚ್ಚಲು ಆರು ಜನ ಬೇಕು

ನಮ್ಮ ಸೋದರಮಾವನಿಗೆ ಚಪ್ಪಲಿ ಅಂಗಡಿ ಇದೆ. ಮೂರು ತಿಂಗಳಿಂದ ಅಲ್ಲೊಂದು ಸ್ಟೂಲು ನನ್ನ ದಾರಿ ಕಾಯುತ್ತಿತ್ತು. "ಕಲೆಯಂತೆ, ಸಮುದಾಯವಂತೆ! ಬೀದಿಯವರನ್ನೆಲ್ಲ ಕುಣಿಸೋದೂ ಒಂದು ಕೆಲಸಾನಾ?" ಎಂದು ಮಾವ ಅಮ್ಮನ ಮುಂದೆ ದಿನಾ ರಾಗ ಎಳೆಯುತ್ತಿದ್ದರು. ಹೌದು, ಅದೂ ಒಂದು ಕೆಲಸವೇ! ಬಡಾವಣೆಯ ಸಮುದಾಯ ಭವನದಲ್ಲಿ ನಾನು ಕಲಾ ಸಂಘಟಕಿ. ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಶನಿವಾರ ನಾಲ್ಕಕ್ಕೆ ಭವನದ ಉಸ್ತುವಾರಿ ಅಧಿಕಾರಿ ಬರುವ ಹೊತ್ತಿಗೆ ಬಡಾವಣೆಯ ಆರು ಜನರನ್ನು ಸೇರಿಸಿ ನಾಟಕದ ತಾಲೀಮು ತೋರಿಸಿದರೆ ಸರಿ, ಇಲ್ಲವಾದರೆ ಸ್ಟೂಲೇ ಗತಿ.

ಭವನದ ಬಾಗಿಲಿಗೆ ಚೀಟಿ ಅಂಟಿಸಿದೆ: "ಬಣ್ಣ ಹಚ್ಚಲು ಆರು ಜನ ಬೇಕು. ಶನಿವಾರ ಮೂರಕ್ಕೆ ಬನ್ನಿ." ನಾಟಕ ಎಂದು ಬರೆದರೆ ಜನ ಹೆದರಿ ಓಡುತ್ತಾರೆ, ಬಣ್ಣ ಹಚ್ಚುವುದೆಂದರೆ ವೇಷ ಹಾಕುವುದೆಂದು ಯಾರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಮೂರಕ್ಕೆ ಸರಿಯಾಗಿ ಆರು ಜನ ಬಂದರು. ಒಬ್ಬರ ಹೆಗಲ ಮೇಲೆ ಏಣಿ, ಇನ್ನೊಬ್ಬರ ಕೈಯಲ್ಲಿ ಬಕೆಟ್ಟು. ರಂಗಸಜ್ಜಿಕೆಯನ್ನೂ ತಾವೇ ಹೊತ್ತು ತಂದರಲ್ಲ ಪುಣ್ಯಾತ್ಮರು ಎಂದು ನನಗೆ ಕಣ್ಣು ತುಂಬಿ ಬಂತು.

"ಯಾರಿಗೆ ಯಾವ ಪಾತ್ರ ಬೇಕು ಹೇಳಿ," ಅಂದೆ.

"ಪಾತ್ರೆ ನಾವೇ ತಂದಿದೀವಿ ಮೇಡಂ," ಎಂದು ಮೀಸೆಯ ಮೇಸ್ತ್ರಿ ಬಕೆಟ್ಟು ತೋರಿಸಿದರು.

ಹಾಸ್ಯಗಾರ ಸಿಕ್ಕ ಎಂದು ಬರೆದುಕೊಂಡೆ. "ರಾಜನಿಗೆ ಒಂದೇ ಕೋಟು ಇರೋದು. ಸಾಕಲ್ವಾ?"

"ಒಂದು ಕೋಟು ಯಾವ ಮೂಲೆಗೆ? ಕಮ್ಮಿ ಅಂದ್ರೂ ಎರಡು ಬೇಕು. ಅದಕ್ಕೂ ಮೊದಲು ಚೆನ್ನಾಗಿ ಉಜ್ಜಬೇಕು."

"ರಾಜನನ್ನಾ?"

"ಗೋಡೆನ!"

"ಯಾವ ಗೋಡೆ?"

"ಅದನ್ನೇ ನಾವು ಕೇಳ್ತಿರೋದು ಮೇಡಂ!"

ಆಗ ತಲೆಗೆ ಹೊಳೆಯಿತು. ಬಂದವರು ಮನೆಗಳಿಗೆ ಬಣ್ಣ ಬಳಿಯುವವರು. ಅಳು ಬಂತು, ನಾಚಿಕೆ ಬಿಟ್ಟು ಅತ್ತೂ ಬಿಟ್ಟೆ. ಅಧಿಕಾರಿ, ಮಾವ, ಸ್ಟೂಲು, ಎಲ್ಲವನ್ನೂ ಬಿಕ್ಕುತ್ತಲೇ ಹೇಳಿದೆ.

ಮೇಸ್ತ್ರಿ ತಲೆ ಕೆರೆದುಕೊಂಡರು. "ಅಳಬೇಡ ಕಣಮ್ಮ. ದಿನಾ ಗೋಡೆಗೆ ಹಚ್ತೀವಿ, ಒಂದಿನ ಮುಖಕ್ಕೆ ಹಚ್ಕೊಂಡ್ರೆ ಗಂಟೇನು ಹೋಗುತ್ತೆ? ಏನು ಮಾತಾಡಬೇಕು ಹೇಳ್ಕೊಡು."

ನಾಲ್ಕಕ್ಕೆ ಅಧಿಕಾರಿ ಬಂದು ಮುಂದಿನ ಕುರ್ಚಿಯಲ್ಲಿ ಗಂಟುಮುಖ ಹಾಕಿಕೊಂಡು ಕೂತರು. ರಾಜನಾದ ಮೇಸ್ತ್ರಿ ಅರಮನೆಯ ಗೋಡೆ ಮುಟ್ಟಿ, ಸೋತ ಯುದ್ಧ ನೆನೆದು ಗೋಳಾಡಬೇಕಿತ್ತು. ಗೋಡೆ ಮುಟ್ಟಿದರು. ಬೆರಳಾಡಿಸಿದರು. ಹೇಳಿಕೊಟ್ಟ ಮಾತೆಲ್ಲ ಮರೆತೇಹೋಯಿತು.

"ಅಯ್ಯಯ್ಯೋ! ಯಾವ ಪಾಪಿ ಇದಕ್ಕೆ ಪುಟ್ಟಿ ಹಾಕಿಸಿದ್ದು?" ಎಂದು ನಿಜವಾದ ಸಂಕಟದಿಂದ ಕೂಗಿದರು.

"ಒದ್ದೆ ಗೋಡೆ ಮೇಲೇ ಬಳಿದಿದ್ದಾರೆ ಪ್ರಭೂ, ಇದರ ಮೇಲೆ ಬಣ್ಣ ನಿಲ್ಲೋದೇ ಇಲ್ಲ!" ಅಂದ ಮಂತ್ರಿ. ಸೇನಾಪತಿ ಏಣಿ ಹತ್ತಿ, ಮೇಲೂ ಅದೇ ಕಥೆ ಎಂದು ವರದಿ ಒಪ್ಪಿಸಿದ. ಯುದ್ಧಕ್ಕೆ ಬಂದ ಮೂವರು ಶತ್ರುಗಳೂ ಕತ್ತಿ ಬಿಸಾಕಿ ಗೋಡೆ ಕೆರೆಯತೊಡಗಿದರು.

ಅಧಿಕಾರಿ ಎದ್ದು ನನ್ನ ಹತ್ತಿರ ಬಂದರು. "ಇದು ನಾಟಕಾನಾ?"

ಸುಳ್ಳು ಬಾಯಿಗೆ ಬಂತು, ನುಂಗಿಕೊಂಡೆ. "ಅಲ್ಲ ಸಾರ್. ನನ್ನ ಚೀಟಿ ನೋಡಿ ಗೋಡೆಗೆ ಬಣ್ಣ ಹಚ್ಚೋಕೆ ಬಂದವರು. ಪಾಪ, ನನಗೋಸ್ಕರ ನಿಂತರು."

"ಈ ಗೋಡೆಗೆ ಪುಟ್ಟಿ ಹಾಕಿಸಿದ ಪಾಪಿ ನಾನೇ," ಅಂದರು ಅಧಿಕಾರಿ.

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮೇಸ್ತ್ರಿ ಮಾತ್ರ ಕಿರೀಟ ಸರಿಮಾಡಿಕೊಂಡು, "ಹಾಗಾದ್ರೆ ಮುಂದಿನ ಶನಿವಾರ ನೀವೂ ಬನ್ನಿ ಸಾರ್. ನಿಮ್ಮ ಪಾತ್ರ ಖಾಲಿ ಇದೆ," ಅಂದರು.

ಅಧಿಕಾರಿ ಅವರನ್ನೇ ದಿಟ್ಟಿಸಿದರು. ಆಮೇಲೆ ನನ್ನ ಕಡತ ತೆಗೆದು, ಭಾಗವಹಿಸಿದವರು ಎಂಬಲ್ಲಿ ಏಳು ಎಂದು ಬರೆದು, ಕೆಳಗೆ ಕಾಯಂ ಎಂದು ಸಹಿ ಹಾಕಿದರು.

"ಮಾತು ಜಾಸ್ತಿ ಕೊಡಬೇಡಿ," ಅಂದರು ಮೆಲ್ಲಗೆ. "ನಂಗೆ ನೆನಪಿರಲ್ಲ."