ಅಳಿಸಬಾರದ ಹಲಗೆ

ಅಲ್ಲಿ ಇದ್ದದ್ದು ಮೈನಸ್ಸೋ, ಪ್ಲಸ್ಸೋ?

ಮೂರು ವರ್ಷ ದಿನಾ ನೋಡಿದ ಹಲಗೆ. ಕಣ್ಣು ಮುಚ್ಚಿದರೆ ಸಮೀಕರಣದ ಮೊದಲ ಪದ ಕಾಣುತ್ತದೆ, ಎರಡನೆಯದು ಕಾಣುತ್ತದೆ, ನಾಲ್ಕನೆಯದರ ಬಾಲ ಚೂರು ಮೇಲಕ್ಕೆ ಎದ್ದಿರುವುದೂ ಕಾಣುತ್ತದೆ. ಮೂರನೆಯದರ ಮುಂದೆ ಮಾತ್ರ ಬರೀ ಬಿಳಿ ಮಬ್ಬು. ಕಣ್ಣು ತೆರೆದರೂ ಅದೇ ಮಬ್ಬು. ಇಷ್ಟು ವರ್ಷ ತಾನು ಇದನ್ನು ನೋಡುತ್ತಿದ್ದೆನೋ ಅಥವಾ ಇದರ ಎದುರು ಸುಮ್ಮನೆ ನಿಂತಿರುತ್ತಿದ್ದೆನೋ ಎಂಬ ಅನುಮಾನ ಅಮುದನ್‌ಗೆ ಮೊದಲ ಬಾರಿ ಬಂತು.

ತಪ್ಪು ವಡೆಯದು. ಗುರುವಾರ ಸಂಜೆ ಸಂಸ್ಥೆಯ ಕಾಫಿ ಕೋಣೆಯಲ್ಲಿ ಉದ್ದಿನ ವಡೆ ಮಾಡುತ್ತಾರೆ. ಇಡೀ ಚೆನ್ನೈಯಲ್ಲೇ ಅತ್ಯಂತ ಮೆದು ಮಾತಿನವರೆನಿಸಿಕೊಂಡ ಗಣಿತಜ್ಞರು ಆ ಹೊತ್ತಿಗೆ ಬಾಗಿಲ ಬಳಿ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಾರೆ. ಅಮುದನ್ ಆ ಹಿಂಡಿನಲ್ಲಿ ಸಿಕ್ಕಿ ಗೋಡೆಗೆ ಒತ್ತಿ, ಅಲ್ಲಿಂದ ಪುಟಿದು, ಎಲ್ಲರಿಗಿಂತ ಮೊದಲು ವಡೆ ಪಡೆದು ಹೊರಬಂದಿದ್ದ. ಹಿಂತಿರುಗಿ ನೋಡಿದಾಗ ತಾನು ಒತ್ತಿದ್ದು ಗೋಡೆಗಲ್ಲ, ಗೋಡೆಯ ಮೇಲಿನ ಹಲಗೆಗೆ ಎಂದು ತಿಳಿಯಿತು.

ಆ ಹಲಗೆ ಪ್ರೊಫೆಸರ್ ವೈತ್ತೀಶ್ವರನ್ ಅವರದು. ಇಕ್ಕಟ್ಟಾದ ಬಾಗಿಲಲ್ಲಿ ಜನ ಹೇಗೆ ಸಾಗುತ್ತಾರೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬುದರ ಗಣಿತ ಅವರ ಕೊನೆಯ ಕೆಲಸ. ನೀರಿನ ಹರಿವಿಗೆ ಬರೆದ ಹಾಗೆ ಜನರ ಹರಿವಿಗೂ ಒಂದು ಸಮೀಕರಣ ಬರೆದು, ಕೆಳಗೆ ‘ಅಳಿಸಬೇಡಿ’ ಎಂದು ಗೀಚಿದ್ದರು. ಆ ಸಂಸ್ಥೆಯಲ್ಲಿ ಆ ಮಾತಿಗೆ ಕೋರ್ಟಿನ ತಡೆಯಾಜ್ಞೆಯ ಬಲ. ಬರೆದವರಲ್ಲದೆ ಬೇರೆ ಯಾರೂ ಬಟ್ಟೆ ಮುಟ್ಟಿಸುವುದಿಲ್ಲ. ಗೋಡೆಗೆ ಸುಣ್ಣ ಹೊಡೆಯುವವರೂ ಆ ಹಲಗೆಯನ್ನು ಸುತ್ತುಬಳಸಿ ಹೋಗಿದ್ದರು. ಪ್ರೊಫೆಸರರು ಅದನ್ನು ಕಾಗದಕ್ಕೆ ಇಳಿಸಿರಲಿಲ್ಲ. ಕಾಗದಕ್ಕೆ ಇಳಿದದ್ದರ ಬಗ್ಗೆ ಯಾರೂ ಮತ್ತೆ ಯೋಚಿಸುವುದಿಲ್ಲ ಎಂಬುದು ಅವರ ನಂಬಿಕೆ. ಅಮುದನ್‌ನ ಸಂಶೋಧನಾ ಪ್ರಬಂಧದ ಕೊನೆಯ ಅಧ್ಯಾಯ ಶುರುವಾಗಬೇಕಾದದ್ದೇ ಆ ಸಾಲಿನಿಂದ. ಅವನೂ ಬರೆದುಕೊಂಡಿರಲಿಲ್ಲ. ಹಲಗೆ ಎಲ್ಲಿಗೆ ಓಡಿಹೋಗುತ್ತದೆ?

ಮೂರನೆಯ ಪದ ನೂಕಾಟದ್ದು. ಅದರ ಮುಂದೆ ಮೈನಸ್ ಇದ್ದರೆ ಹಿಂದಿನವರು ನೂಕಿದಷ್ಟೂ ಬಾಗಿಲು ಕಟ್ಟುತ್ತದೆ. ಪ್ಲಸ್ ಇದ್ದರೆ ನೂಕಿದಷ್ಟೂ ಜನ ಬೇಗ ದಾಟುತ್ತಾರೆ. ಮುಂದಿನ ವಾರದ ಬೀಳ್ಕೊಡುಗೆ ಉಪನ್ಯಾಸದಲ್ಲಿ ಪ್ರೊಫೆಸರರು ಹೇಳಬೇಕೆಂದಿದ್ದ ಮಾತು ಇವೆರಡರಲ್ಲಿ ಒಂದು. ಯಾವುದೆಂದು ಅವರು ಯಾರಿಗೂ ಹೇಳಿರಲಿಲ್ಲ.

"ಏನು ತಂಬಿ, ಬೆನ್ನಿಗೂ ವಿಭೂತಿ ಶುರು ಮಾಡಿದ್ಯಾ?" ಎನ್ನುತ್ತ ತೇನ್‌ಮೊಳಿ ಬಂದಳು. ಪ್ರೊಫೆಸರರ ಸಂಶೋಧನಾ ಗುಂಪಿನಲ್ಲೇ ಅವನಿಗಿಂತ ಹಿರಿಯಳು. ಅವನನ್ನು ತಮ್ಮನೆಂದೇ ಕರೆದು ತಮ್ಮನಂತೆಯೇ ದಬಾಯಿಸುತ್ತಿದ್ದಳು. "ಅಡ್ಡಕ್ಕೆ ಒಂದೇ ಗೆರೆ. ಹಚ್ಚಿಕೊಳ್ಳೋದಾದ್ರೆ ಮೂರೂ ಹಚ್ಚಿಕೊಳ್ಳಬಾರದಾ?" ಎಂದು ಅವನ ಭುಜದ ಹಿಂದೆ ಪಟಪಟನೆ ಹೊಡೆದು ಝಾಡಿಸಿದಳು.

"ಅಕ್ಕಾ, ಈ ಮೂರನೇ ಪದದ ಮುಂದೆ ಏನಿತ್ತು?"

"ಎಲ್ಲಿ?" ಅವಳು ಹಲಗೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. "ಅಯ್ಯೋ ಪಾಪಿ."

"ಏನಿತ್ತು ಹೇಳಕ್ಕಾ."

"ನಂಗೇನು ಗೊತ್ತು? ನಾನು ಎರಡನೇ ಪದದವಳು. ಸಾರ್‌ನ ಹೋಗಿ ಕೇಳು."

ಅದೊಂದೇ ಆಗದ ಕೆಲಸ. ವೈತ್ತೀಶ್ವರನ್ ಬೈಯುವವರಲ್ಲ, ಸುಮ್ಮನಾಗುವವರು. ಹಿಂದೆ ಒಬ್ಬ ವಿದ್ಯಾರ್ಥಿ ಅವರ ಲೆಕ್ಕವನ್ನು ಕೇಳದೆ ತಿದ್ದಿದ್ದನಂತೆ. ಅವರು ಅವನನ್ನು ನೋಡಿ ಸುಮ್ಮನಾದರು. ಅವನು ಈಗ ಮದುರೈಯಲ್ಲಿ ವಿಮೆ ಮಾರುತ್ತಾನೆ. ಅಮುದನ್ ಆ ಮೌನವನ್ನು ಕಂಡವನಲ್ಲ, ಅದರ ಬಗ್ಗೆ ಕೇಳಿದವನು. ಕಂಡಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ತನ್ನನ್ನು ಸಾರ್ ಹಾಗೆ ಒಮ್ಮೆ ನೋಡಿದರೆ, ಪ್ರಬಂಧ ಮುಗಿದರೂ ತಾನು ಮುಗಿದ ಹಾಗೆ.

ಅವನು ಒಂದು ಮೂಲೆಯಲ್ಲಿ ಕುಳಿತು ಮೊದಲಿನಿಂದ ಲೆಕ್ಕ ಹಾಕಿದ. ಮೈನಸ್ ಬಂತು. ಖಾತರಿಗೆ ಇನ್ನೊಮ್ಮೆ ಹಾಕಿದ. ಪ್ಲಸ್ ಬಂತು. ಮೂರನೆಯ ಸಲ ಹಾಕುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ತೇನ್‌ಮೊಳಿಗೆ ಒಂದು ನೆನಪಾಯಿತು: ತನ್ನ ಹುಟ್ಟುಹಬ್ಬದ ದಿನ ಇದೇ ಹಲಗೆಯ ಮುಂದೆ ಕೇಕ್ ಕತ್ತರಿಸಿ ಫೋಟೋ ತೆಗೆದಿದ್ದರಲ್ಲ? ಮೊಬೈಲ್ ತೆಗೆದು ಇಬ್ಬರೂ ಹಿಗ್ಗಿಸಿ ನೋಡಿದರು. ಮೊದಲ ಪದ ಸ್ವಚ್ಛವಾಗಿತ್ತು. ಎರಡನೆಯದು ಸ್ವಚ್ಛವಾಗಿತ್ತು. ಮೂರನೆಯದರ ಮುಂದೆ ಅಮುದನ್‌ನ ತಲೆ ಇತ್ತು, ಬಾಯ್ತುಂಬ ಕೇಕು.

"ಎಂಥಾ ಜಾಗ ನೋಡಿ ನಿಂತಿದ್ದೀಯೋ ಮಹಾರಾಯ," ಎಂದಳು ಅವಳು.

ಕೊನೆಗೆ ಅವನನ್ನು ಒಪ್ಪಿಸಿದ್ದು ಗಣಿತವಲ್ಲ, ವಡೆ. ನೂಕಾಟದಲ್ಲಿ ಸಿಕ್ಕವನು ತಾನು. ಮೊದಲು ವಡೆ ತಂದವನೂ ತಾನು. ನೂಕಿದ್ದರಿಂದ ಬೇಗ ಆಯಿತೇ ಹೊರತು ತಡವಾಗಲಿಲ್ಲವಲ್ಲ? ಬಿಳಿ ಸೀಮೆಸುಣ್ಣ ತೆಗೆದುಕೊಂಡು ಅಡ್ಡಗೆರೆ ಎಳೆದ. ಅದರ ಮೇಲೊಂದು ನಿಲುಗೆರೆ ಎಳೆದ. ಬೆರಳು ನಡುಗಿದ್ದರಿಂದ ಅದು ಪ್ರೊಫೆಸರರ ಕೈಬರಹದಂತೆಯೇ ಕಂಡಿತು.

ಮರುದಿನ ಪ್ರೊಫೆಸರರು ಕಾಫಿ ಲೋಟ ಹಿಡಿದು ಹಲಗೆಯ ಮುಂದೆ ನಿಂತರು. ಕಾಫಿ ಆರಿತು. ಅವರು ಕದಲಲಿಲ್ಲ.

"ಅಮುದಾ, ಇದು ಪ್ಲಸ್ಸಾಪ್ಪಾ?"

"ಹೌದು ಸಾರ್."

"ಮೊದಲಿಂದಾನೂ?"

ಈಗ ಹೇಳಬಹುದಿತ್ತು. ಬಾಯಿ ಅದಕ್ಕೆಂದೇ ತೆರೆಯಿತು ಕೂಡ. "ಪ್ಲಸ್ಸೇ ಕಾಣ್ತಿದೆ ಸಾರ್," ಎಂದಿತು.

ಅವರು ಕುರ್ಚಿ ತರಿಸಿ ಅಲ್ಲೇ ಕುಳಿತರು. ಅಮುದನ್ ದೂರದಿಂದ ಆ ಬೆನ್ನನ್ನು ನೋಡುತ್ತ ನಿಂತ. ತಾನು ಸಿಕ್ಕಿಬೀಳುವುದನ್ನೇ ಕಾಯುವ ಕಳ್ಳನ ಹಾಗೆ ಅವನು ಕಾದ. ಆದರೆ ಸಿಕ್ಕಿಬೀಳಲಿಲ್ಲ. ಸಿದ್ಧಾಂತದವರಿಗೆ ಯಾವ ಚಿಹ್ನೆ ಕೊಟ್ಟರೂ ಅದಕ್ಕೊಂದು ಕಾರಣ ಹೊಳೆಯುತ್ತದೆ. ಸಂಜೆಯ ಹೊತ್ತಿಗೆ ಅವರು ಎದ್ದು ಬಂದರು. ಮುಖದಲ್ಲಿ ಹೊಸ ಕಳೆ.

"ನಾನು ಮೈನಸ್ ಅಂತಲೇ ತಲೇಲಿ ಇಟ್ಕೊಂಡು ಓಡಾಡ್ತಿದ್ದೆ. ಬರೆದ ದಿನ ನನಗೆ ಇವತ್ತಿಗಿಂತ ಜಾಸ್ತಿ ಬುದ್ಧಿ ಇತ್ತು ಅನ್ಸುತ್ತೆ. ಬರೋ ಗುರುವಾರ ವಡೆ ಹೊತ್ತಿಗೆ ಪರೀಕ್ಷೆ ಮಾಡೋಣ. ಎಲ್ಲರಿಗೂ ಹೇಳು."

ಗುರುವಾರ ನಿರ್ದೇಶಕರೂ ಬಂದರು. ಮೊದಲು ಎಲ್ಲರೂ ಸಾವಕಾಶವಾಗಿ ಬಾಗಿಲು ದಾಟಬೇಕು, ಆಮೇಲೆ ಎಲ್ಲರೂ ನೂಕಿಕೊಂಡು ದಾಟಬೇಕು, ತೇನ್‌ಮೊಳಿ ಹೊತ್ತು ನೋಡಬೇಕು ಎಂದು ಏರ್ಪಾಡು. ಸಾವಕಾಶದ್ದು ಸರಾಗವಾಗಿ ನಡೆಯಿತು. ನೂಕುವುದರ ಬಗ್ಗೆ ಚರ್ಚೆ ಎದ್ದಿತು.

"ನೂಕೋದು ಅಂದ್ರೆ ಏನೂಂತ ವ್ಯಾಖ್ಯೆ ಕೊಡಿ," ಎಂದರು ಸಂಖ್ಯಾಶಾಸ್ತ್ರದ ಅಮ್ಮಯ್ಯಪ್ಪನ್. "ಮೊಣಕೈ ಸೇರುತ್ತಾ?"

"ತಾಂಬರಂ ಲೋಕಲ್ ಟ್ರೈನು ಅಂದ್ಕೊಳ್ಳಿ ಸಾರ್," ಎಂದಳು ತೇನ್‌ಮೊಳಿ.

"ಓ, ಹಾಗೆ ಹೇಳಿ," ಎಂದವರೇ ಅಮ್ಮಯ್ಯಪ್ಪನ್ ಪಂಚೆ ಎತ್ತಿಕಟ್ಟಿದರು.

ಆಮೇಲೆ ನಡೆದದ್ದನ್ನು ಸಂಸ್ಥೆ ಬಹುಕಾಲ ಮರೆಯಲಿಲ್ಲ. ವರ್ಷಗಟ್ಟಲೆ ಒಬ್ಬರ ಪ್ರಮೇಯವನ್ನೊಬ್ಬರು ನಗುನಗುತ್ತ ಕೇಳಿಸಿಕೊಂಡಿದ್ದವರೆಲ್ಲ ಆ ದಿನ ಭುಜದಿಂದ ಮಾತಾಡಿದರು. ಬಾಗಿಲ ಚೌಕಟ್ಟಿನಲ್ಲಿ ಎಡಕ್ಕೆ ಅಮ್ಮಯ್ಯಪ್ಪನ್, ಬಲಕ್ಕೆ ಗ್ರಂಥಪಾಲಕರು, ನಡುವೆ ನಿರ್ದೇಶಕರು ಕಮಾನಿನ ಕಲ್ಲುಗಳಂತೆ ಬಿಗಿದುಕೊಂಡರು. ಹಿಂದಿನವರು ನೂಕಿದಷ್ಟೂ ಕಮಾನು ಗಟ್ಟಿಯಾಯಿತು. ನಿರ್ದೇಶಕರ ಲೋಟ ತಲೆಯ ಮೇಲಿತ್ತು, ಕಾಫಿ ತಲೆಯ ಮೇಲೆ ಸುರಿಯುತ್ತಿತ್ತು.

"ಯಾರಾದ್ರೂ ಒಬ್ಬರು ಉಸಿರು ಬಿಡ್ರಯ್ಯಾ," ಎಂದರು ಅವರು.

"ನೀವೇ ಬಿಡಿ ಸಾರ್, ನೀವು ಹಿರಿಯರು," ಎಂದರು ಗ್ರಂಥಪಾಲಕರು.

ಒಳಗೆ ಒಬ್ಬರೇ ಆರಾಮವಾಗಿ ವಡೆ ತಿನ್ನುತ್ತಿದ್ದರು, ಜಗತ್ತಿಗೆ ಕಾಣದ ಆಯಾಮಗಳೂ ಇವೆ ಎನ್ನುವ ತಂತು ಸಿದ್ಧಾಂತದ ಪೊನ್ನುರಂಗಂ. ಹೇಗೆ ಬಂದಿರಿ ಎಂದು ಕೇಳಿದ್ದಕ್ಕೆ, "ಇನ್ನೊಂದು ಆಯಾಮ ಇತ್ತು," ಎಂದು ಅಡುಗೆಮನೆಯ ಹಿಂಬಾಗಿಲು ತೋರಿಸಿದರು.

ಅಮುದನ್ ಗುಂಪಿನ ಹೊರಗೆ ನಿಂತಿದ್ದ. ಕಮಾನು ಕಟ್ಟಿದ ಗಳಿಗೆಯಲ್ಲೇ ಅವನಿಗೆ ಎಲ್ಲ ಕಂಡಿತು. ಕಳೆದ ವಾರ ಮುಂದೆ ಹೋದದ್ದು ತಾನೊಬ್ಬ. ಹಿಂದೆ ಸಿಕ್ಕಿಕೊಂಡವರನ್ನು ತಾನು ತಿರುಗಿ ನೋಡಿರಲಿಲ್ಲ. ಅದರ ಜೊತೆಗೇ ಅಕ್ಕನ ವಿಭೂತಿಯ ಮಾತೂ ನೆನಪಾಯಿತು. ಅಡ್ಡಕ್ಕೆ ಒಂದೇ ಗೆರೆ. ಊರೆಲ್ಲ ಹುಡುಕಿದ ಚಿಹ್ನೆ ತನ್ನ ಬೆನ್ನ ಮೇಲೇ ಇತ್ತು. ಅದನ್ನು ಝಾಡಿಸಿಯೂ ಆಗಿತ್ತು. ಅವನು ತೇನ್‌ಮೊಳಿಯ ಕಡೆ ನೋಡಿದ. ಅವಳಿಗೂ ಅದೇ ಹೊತ್ತಿಗೆ ನೆನಪಾಗಿರಬೇಕು. ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

ಬಾಗಿಲು ಬಿಟ್ಟುಕೊಂಡ ಮೇಲೆ ಎಲ್ಲರೂ ಪ್ರೊಫೆಸರರ ಮುಖ ನೋಡಿದರು. ಅವರು ಸುಮ್ಮನಿದ್ದರು. ಅಮುದನ್ ಕೇಳಿ ಮಾತ್ರ ಗೊತ್ತಿದ್ದ ಆ ಮೌನ ಇದೇ ಇರಬೇಕು. ಅದು ಕೋಪದ್ದಾಗಿರಲಿಲ್ಲ, ಮನುಷ್ಯ ತನ್ನೊಳಗೆ ಇಳಿದು ಏನನ್ನೋ ಹುಡುಕುವ ಸದ್ದಿಲ್ಲದ ಹೊತ್ತು, ಅಷ್ಟೇ. ಅವನು ಹತ್ತಿರ ಹೋದ.

"ಸಾರ್, ಆ ಗೆರೆ..."

"ತಪ್ಪು ಬರೆದಿದ್ದೆನಪ್ಪಾ," ಎಂದರು ಅವರು ನಗುತ್ತ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಪ್ಲಸ್ಸಿನ ನಿಲುಗೆರೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಿದರು. "ಮನಸ್ಸಿನಲ್ಲಿ ಮೈನಸ್, ಗೋಡೆ ಮೇಲೆ ಪ್ಲಸ್. ಇಷ್ಟು ವರ್ಷ ಒಬ್ಬನೂ ತಡೆದು ಕೇಳಲಿಲ್ಲ. ನೀನಾದರೂ ಇರೋದನ್ನ ಇದ್ದ ಹಾಗೆ ಹೇಳಿದೆ. ಇಲ್ಲದಿದ್ದರೆ ಪರೀಕ್ಷೆ ಮಾಡದೇ ನಿವೃತ್ತಿ ಆಗಿಬಿಡ್ತಿದ್ದೆ."

ಅಮುದನ್‌ನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹಿಂದಿನಿಂದ ನೂಕಿದಷ್ಟೂ ಬಿಗಿಯಾಯಿತು.

ಬೀಳ್ಕೊಡುಗೆಯ ದಿನ ಅವರು ಮೊದಲು ಹೇಳಿದ್ದೇ ಈ ಕಥೆ. ಸಭೆ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕರು ಎಲ್ಲರಿಗಿಂತ ತಡವಾಗಿ ನಕ್ಕರು. ತಮ್ಮ ವೃತ್ತಿಯಲ್ಲಿ ಮಾಡಿದ ಅತ್ಯಂತ ಸುಖದ ತಪ್ಪು ಇದು ಎಂದರು ಪ್ರೊಫೆಸರ್. ಮುಂದಿನ ಸಾಲಿನಲ್ಲಿದ್ದ ಅಮುದನ್‌ನ ಕಡೆ ಕೈಮಾಡಿ, ಈ ಹುಡುಗನ ಪ್ರಾಮಾಣಿಕತೆಗೆ ತಾವು ಋಣಿ ಎಂದರು. ತೇನ್‌ಮೊಳಿ ಚಪ್ಪಾಳೆ ತಟ್ಟುತ್ತಲೇ ಅವನತ್ತ ಬಗ್ಗಿ, "ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರೋ ತಂಬಿ, ಎಲ್ಲರೂ ನೋಡ್ತಿದ್ದಾರೆ," ಎಂದಳು.

ಪ್ರಬಂಧ ಮುಗಿಯಿತು. ಕೊನೆಯ ಅಧ್ಯಾಯದಲ್ಲಿ ಮೂರನೆಯ ಪದದ ಮುಂದೆ ಮೈನಸ್ ಇದೆ. ಪ್ರೊಫೆಸರರು ಈಗಲೂ ಆಗೊಮ್ಮೆ ಈಗೊಮ್ಮೆ ಗುರುವಾರದ ವಡೆಗೆ ಬರುತ್ತಾರೆ, ಹೊಸಬರು ಸಿಕ್ಕರೆ ತಮ್ಮ ತಪ್ಪಿನ ಕಥೆ ಹೇಳುತ್ತಾರೆ. ಅಮುದನ್ ಪಕ್ಕದಲ್ಲಿ ನಿಂತು ಪ್ರತಿ ಸಲವೂ ನಗುತ್ತಾನೆ. ಆ ನಿಲುಗೆರೆ ನಿಮ್ಮದಲ್ಲ, ನಾನು ಎಳೆದದ್ದು ಎಂದು ಅವನು ಅವರಿಗೆ ಹೇಳಲೇ ಇಲ್ಲ.